ಎಸ್‌ಡಿಕೆ ಅಪ್‌ಡೇಟ್ ಆದ ಮೇಲೆ ಲೈಬ್ರರಿ ಕಡತ ಕಾಣೆಯಾದರೆ: ಆಂಡ್ರಾಯ್ಡ್ ಬಿಲ್ಡ್ ದೋಷ ನಿವಾರಣೆ ಕೈಪಿಡಿ

ನಿನ್ನೆಯವರೆಗೆ ತಕರಾರಿಲ್ಲದೆ ಬಿಲ್ಡ್ ಆಗುತ್ತಿದ್ದ, ಅಂದರೆ ಕೋಡ್‌ನಿಂದ ಆಪ್ ಆಗಿ ಕಟ್ಟಿಕೊಳ್ಳುತ್ತಿದ್ದ, ಆಂಡ್ರಾಯ್ಡ್ ಪ್ರಾಜೆಕ್ಟ್, ಎಸ್‌ಡಿಕೆ (ಆಪ್ ಕಟ್ಟುವ ಸಲಕರಣೆಗಳ ಕಿಟ್) ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಒತ್ತಿದ ನಂತರ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕೋಡ್‌ನಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಪರದೆಯ ಮೇಲೆ ಮಾತ್ರ, ಅಳವಡಿಸಿರುವ ಬಿಲ್ಡ್ ಟೂಲ್ಸ್ 31.0.0 ಕೆಟ್ಟುಹೋಗಿದೆ, ಅದನ್ನು ತೆಗೆದು ಎಸ್‌ಡಿಕೆ ಮ್ಯಾನೇಜರ್ ಮೂಲಕ ಮತ್ತೆ ಅಳವಡಿಸಿ ಎಂಬರ್ಥದ ಕೆಂಪು ಸಾಲು ಕಾಣುತ್ತದೆ. ಹೇಳಿದಂತೆ ತೆಗೆದು ಮತ್ತೆ ಅಳವಡಿಸಿದರೂ ಅದೇ ಸಾಲು ಬರುತ್ತದೆ. ನಾನು ಒಂದು ಸಂಜೆಯಿಡೀ ಹೀಗೆ ಮೂರು ಬಾರಿ ತೆಗೆದು ಹಾಕಿದ್ದೇನೆ. ಮೂರನೆಯ ಬಾರಿ ಬೇರೆ ಇಂಟರ್‌ನೆಟ್ ಸಂಪರ್ಕದಿಂದ ಇಳಿಸಿಕೊಂಡೂ ನೋಡಿದ್ದೇನೆ. ಬಿಲ್ಡ್ ಟೂಲ್ಸ್‌ನ ಫೋಲ್ಡರನ್ನು ತೆರೆದು ಒಳಗೆ ಕಣ್ಣಾಡಿಸಿದ ಮೇಲಷ್ಟೇ ತಿಳಿದದ್ದು, ಅಲ್ಲಿ ಏನೂ ಕೆಟ್ಟಿರಲಿಲ್ಲ ಎಂದು.

ಅಪ್‌ಡೇಟ್ ನಂತರ ಲೈಬ್ರರಿ ಕಡತ ಸಿಗುತ್ತಿಲ್ಲ ಎಂಬ ದೂರು ಬಂದಾಗ ಅದರ ಹಿಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಸಂಗತಿ ಇರುತ್ತದೆ. ಕಡತ ಪೂರ್ತಿ ಇಳಿಯದೆ ಅರ್ಧಕ್ಕೇ ನಿಂತಿರಬಹುದು. ಕಿಟ್ ರೂಪಿಸಿದವರೇ ಆ ಆವೃತ್ತಿಯಿಂದ ಅದನ್ನು ಬೇಕೆಂದೇ ಕೈಬಿಟ್ಟಿರಬಹುದು. ಅಥವಾ ಕಡತ ಡಿಸ್ಕ್‌ನಲ್ಲಿ ಇದ್ದರೂ ಬಿಲ್ಡ್ ವ್ಯವಸ್ಥೆ ಅದನ್ನು ಹಳೆಯ ಜಾಗದಲ್ಲೋ ಬೇರೆ ಎಸ್‌ಡಿಕೆಯಲ್ಲೋ ಹುಡುಕುತ್ತಿರಬಹುದು. ಮರುಅಳವಡಿಕೆ ಮೊದಲನೆಯದಕ್ಕೆ ಮಾತ್ರ ಮದ್ದು. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು, ಆದರೆ ದೋಷ ಸಂದೇಶಗಳು ಮಾತನಾಡುವುದು ಮಾತ್ರ ಯಾವಾಗಲೂ ಮೊದಲನೆಯದೇ ಆಗಿದೆ ಎಂಬ ಧಾಟಿಯಲ್ಲಿ. ಹೀಗಾಗಿ ಯಾವುದನ್ನೂ ಅಳಿಸುವ ಮೊದಲು ಈ ಮೂರರಲ್ಲಿ ಯಾವುದು ಎಂದು ಗುರುತಿಸುವುದೇ ಈ ಕೈಪಿಡಿಯ ಮುಖ್ಯ ಕೆಲಸ. ಇಲ್ಲಿ ಕಡತಗಳ ಹೆಸರುಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರುತ್ತವೆ.

ಮೊದಲ ಪರೀಕ್ಷೆ: ಯಾವ ಕಡತ, ಯಾವ ಎಸ್‌ಡಿಕೆ

ಬಿಲ್ಡ್ ನಡೆಸುವ ಸಲಕರಣೆಯಾದ ಗ್ರೇಡಲ್‌ನ ದೋಷ ವರದಿಯಲ್ಲಿ ಎಲ್ಲರ ಕಣ್ಣು ಹೋಗುವುದು ಏನು ತಪ್ಪಾಯಿತು ಎಂದು ಹೇಳುವ ಕೊನೆಯ ಭಾಗಕ್ಕೆ. ಕಾಣೆಯಾದ ಕಡತದ ಹೆಸರು ಮಾತ್ರ ಬಹಳ ಸಲ ಅದಕ್ಕಿಂತ ಮೇಲೆ, ಸಾದಾ ಎಚ್ಚರಿಕೆಯಂತೆ ಸರಿದುಹೋದ ಒಂದು ಸಾಲಿನಲ್ಲಿ ಅಡಗಿರುತ್ತದೆ. ಆಪ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋದ ಬಿಲ್ಡ್ ಕಿಟಕಿ ಈ ಸಾಲುಗಳನ್ನು ಮರದ ಕೊಂಬೆಗಳಂತೆ ಮಡಚಿ ತೋರಿಸುವುದರಿಂದ ಅವು ಸುಲಭವಾಗಿ ಕಣ್ತಪ್ಪುತ್ತವೆ. ಆದ್ದರಿಂದ ಪ್ರಾಜೆಕ್ಟ್‌ನ ಮೂಲ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು, ಬಿಲ್ಡ್ ಆಜ್ಞೆಯ ಕೊನೆಗೆ ಎರಡು ಅಡ್ಡಗೆರೆಯೊಂದಿಗೆ ಇನ್ಫೋ ಎಂಬ ಆಯ್ಕೆಯನ್ನು ಸೇರಿಸಿ ಓಡಿಸಿ, ಬಂದ ಸಾಲುಗಳೆಲ್ಲವನ್ನೂ ಒಂದು ಪಠ್ಯ ಕಡತಕ್ಕೆ ಉಳಿಸಿಕೊಳ್ಳಬೇಕು. ಅದರಲ್ಲಿ ಪೂರ್ಣ ವಿಳಾಸದೊಂದಿಗೆ ಕಾಣಿಸುವ ಮೊದಲ ಕಡತದ ಹೆಸರೇ ತನಿಖೆಯ ಮೊದಲ ಸುಳಿವು.

ವಿಳಾಸ ಸಿಕ್ಕ ಮೇಲೆ ಅದು ಯಾವ ಎಸ್‌ಡಿಕೆಗೆ ಸೇರಿದ್ದು ಎಂಬುದನ್ನು ನೋಡಬೇಕು. ಒಂದೇ ಯಂತ್ರದಲ್ಲಿ ಎರಡು ಎಸ್‌ಡಿಕೆ ಇರುವುದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಸಾಮಾನ್ಯ. ಆಂಡ್ರಾಯ್ಡ್ ಸ್ಟುಡಿಯೋ ತನ್ನ ಎಸ್‌ಡಿಕೆಯನ್ನು ವಿಂಡೋಸ್‌ನಲ್ಲಿ ಬಳಕೆದಾರರ ಆಪ್‌ಡೇಟಾ ಫೋಲ್ಡರಿನ ಲೋಕಲ್ ಭಾಗದಲ್ಲಿಯೂ, ಮ್ಯಾಕ್‌ನಲ್ಲಿ ಹೋಮ್ ಫೋಲ್ಡರಿನ ಲೈಬ್ರರಿಯೊಳಗೂ, ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನ ಆಂಡ್ರಾಯ್ಡ್ ಎಂಬ ಫೋಲ್ಡರಿನಲ್ಲಿಯೂ ಇಡುತ್ತದೆ. ಡೆಬಿಯನ್ ಅಥವಾ ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆಯಿಂದಲೂ ಎಸ್‌ಡಿಕೆ ಹಾಕಿಕೊಂಡಿದ್ದರೆ ಇನ್ನೊಂದು ಪ್ರತಿ ಯುಎಸ್‌ಆರ್‌ನ ಲಿಬ್ ಫೋಲ್ಡರಿನಲ್ಲಿ ಕುಳಿತಿರುತ್ತದೆ. ಗ್ರೇಡಲ್ ಮೊದಲು ಓದುವುದು ಪ್ರಾಜೆಕ್ಟ್‌ನಲ್ಲಿರುವ ಲೋಕಲ್.ಪ್ರಾಪರ್ಟೀಸ್ ಕಡತದ ಎಸ್‌ಡಿಕೆ.ಡಿಐಆರ್ ಸಾಲನ್ನು, ಅದು ಇಲ್ಲದಿದ್ದರೆ ಮಾತ್ರ ಆಂಡ್ರಾಯ್ಡ್ ಹೋಮ್ ಎಂಬ ಪರಿಸರ ಚರವನ್ನು. ನೀವು ಅಪ್‌ಡೇಟ್ ಮಾಡಿದ್ದು ಒಂದು ಎಸ್‌ಡಿಕೆಯನ್ನು, ಬಿಲ್ಡ್ ಹುಡುಕುತ್ತಿರುವುದು ಮತ್ತೊಂದರಲ್ಲಿ ಎಂದಾದರೆ ಲೋಕಲ್.ಪ್ರಾಪರ್ಟೀಸ್‌ನ ಒಂದು ಸಾಲು ತಿದ್ದುವುದರಲ್ಲಿ ಕೆಲಸ ಮುಗಿಯಿತು. ಈ ಕಡತ ಸಾಮಾನ್ಯವಾಗಿ ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಸೇರುವುದಿಲ್ಲವಾದ್ದರಿಂದ, ಸಹೋದ್ಯೋಗಿಯ ಯಂತ್ರದಲ್ಲಿ ಬಿಲ್ಡ್ ಆಗಿ ನಿಮ್ಮಲ್ಲಿ ಆಗದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ವಿಳಾಸ ಸರಿಯಿದ್ದೂ ಆ ಜಾಗದಲ್ಲಿ ಕಡತ ಇಲ್ಲ ಎಂದಾದರೆ, ಅದೇ ಫೋಲ್ಡರಿನ ಹಿಂದಿನ ಆವೃತ್ತಿಯನ್ನು ಪಕ್ಕದಲ್ಲಿ ತೆರೆದು ಹೋಲಿಸುವುದು ಉತ್ತಮ. ಹಿಂದಿನ ಆವೃತ್ತಿಯನ್ನು ಕಾಪಿಟ್ಟುಕೊಳ್ಳುವುದಾದರೆ ಅದನ್ನು ಎಸ್‌ಡಿಕೆಯ ಹೊರಗೆ ಇಡಬೇಕು. ಎಸ್‌ಡಿಕೆಯ ಒಳಗೇ ಹೆಸರು ಬದಲಿಸಿ ಇಟ್ಟರೆ, ಪ್ಯಾಕೇಜ್ ತನ್ನ ಜಾಗದಲ್ಲಿಲ್ಲ ಎಂಬ ಹೊಸ ಎಚ್ಚರಿಕೆಯೊಂದು ಶುರುವಾಗುತ್ತದೆ. ಇದ್ದ ಗೊಂದಲ ಸಾಲದೆಂಬಂತೆ.

ಡಿಎಕ್ಸ್.ಜಾರ್ ಪ್ರಕರಣ

ಆರಂಭದಲ್ಲಿ ಹೇಳಿದ ಬಿಲ್ಡ್ ಟೂಲ್ಸ್ ಪ್ರಕರಣವನ್ನೇ ಹತ್ತಿರದಿಂದ ನೋಡೋಣ. ಬಿಲ್ಡ್ ಟೂಲ್ಸ್ 30.0.3ರ ಫೋಲ್ಡರಿನಲ್ಲಿ ಎಎಪಿಟಿ, ಎಐಡಿಎಲ್, ಜಿಪ್‌ಅಲೈನ್, ಎಪಿಕೆಸೈನರ್ ಮುಂತಾದವುಗಳ ನಡುವೆ ಡಿ8 ಮತ್ತು ಡಿಎಕ್ಸ್ ಎಂಬ ಎರಡು ಸಲಕರಣೆಗಳಿವೆ. ಅದರ ಲಿಬ್ ಉಪಫೋಲ್ಡರಿನಲ್ಲಿ ಇವಕ್ಕೆ ಜೊತೆಯಾಗಿ ಡಿ8.ಜಾರ್ ಮತ್ತು ಡಿಎಕ್ಸ್.ಜಾರ್ ಎಂಬ ಜಾರ್ ಕಡತಗಳು, ಅಂದರೆ ಜಾವಾ ಕೋಡ್‌ನ ಕಟ್ಟುಗಳು, ಇವೆ. 31.0.0ರ ಫೋಲ್ಡರಿನಲ್ಲಿ ಡಿ8 ಇದೆ, ಲಿಬ್‌ನಲ್ಲಿ ಡಿ8.ಜಾರ್ ಇದೆ, ಡಿಎಕ್ಸ್ ಮತ್ತು ಡಿಎಕ್ಸ್.ಜಾರ್ ಮಾತ್ರ ಇಲ್ಲ. ಎಷ್ಟು ಬಾರಿ ಇಳಿಸಿಕೊಂಡರೂ ಇರುವುದಿಲ್ಲ, ಏಕೆಂದರೆ ಜಿಪ್ ಕಡತದಲ್ಲಿಯೇ ಅವನ್ನು ಇಟ್ಟಿಲ್ಲ.

ಡಿಎಕ್ಸ್ ಎಂಬುದು ಜಾವಾ ಕ್ಲಾಸ್ ಕಡತಗಳನ್ನು ಆಂಡ್ರಾಯ್ಡ್ ಓಡಿಸಬಲ್ಲ ಡೆಕ್ಸ್ ರೂಪಕ್ಕೆ ತಿರುಗಿಸುತ್ತಿದ್ದ ಹಳೆಯ ಸಲಕರಣೆ. 2018ರಲ್ಲಿ ಬಂದ ಆಂಡ್ರಾಯ್ಡ್ ಸ್ಟುಡಿಯೋ 3.1ರಿಂದ ಆ ಕೆಲಸ ತಾನಾಗಿ ಡಿ8ಗೆ ಹೋಯಿತು. ಡಿಎಕ್ಸನ್ನು ಹಂತಹಂತವಾಗಿ ತೆಗೆಯುವುದಾಗಿ 2020ರಲ್ಲಿಯೇ ಗೂಗಲ್ ತಿಳಿಸಿತ್ತು. ಆಂಡ್ರಾಯ್ಡ್ 12ರ, ಅಂದರೆ ಎಪಿಐ (ಆಂಡ್ರಾಯ್ಡ್ ಆವೃತ್ತಿಯ ಮಟ್ಟದ ಸಂಖ್ಯೆ) 31ರ, ಬಿಲ್ಡ್ ಟೂಲ್ಸ್‌ನಲ್ಲಿ ಅದು ಹೋಯಿತು. ಇಷ್ಟರಲ್ಲಿ ತಪ್ಪೇನೂ ಇಲ್ಲ. ತೊಡಕಿರುವುದು ಗ್ರೇಡಲ್‌ಗೆ ಆಂಡ್ರಾಯ್ಡ್ ಆಪ್ ಕಟ್ಟಲು ಕಲಿಸುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್‌ನ ಹಳೆಯ ಆವೃತ್ತಿಗಳಲ್ಲಿ. ಪ್ಲಗಿನ್ ಕೆಲಸ ಶುರುಮಾಡುವ ಮೊದಲು ಬಿಲ್ಡ್ ಟೂಲ್ಸ್ ಫೋಲ್ಡರಿನಲ್ಲಿ ಏನೇನು ಇರಬೇಕೆಂಬ ತನ್ನ ಪಟ್ಟಿಯನ್ನು ಹಿಡಿದು ಒಂದೊಂದಾಗಿ ಎಣಿಸುತ್ತದೆ. 2021ರ ಜುಲೈನಲ್ಲಿ ಬಂದ 7.0ಕ್ಕಿಂತ ಹಿಂದಿನ ಪ್ಲಗಿನ್‌ಗಳ ಪಟ್ಟಿಯಲ್ಲಿ ಡಿಎಕ್ಸ್‌ನ ಹೆಸರು ಉಳಿದುಬಿಟ್ಟಿದೆ. ಅದು ಸಿಗದಿದ್ದಾಗ, 31.0.0ರಲ್ಲಿ ಡಿಎಕ್ಸ್ ಇಲ್ಲ ಎಂದು ವಿಳಾಸ ಸಮೇತ ಒಂದು ಸಾಲು ಬರೆದು, ಅದರ ಕೆಳಗೆ ಇಡೀ ಪ್ಯಾಕೇಜ್ ಕೆಟ್ಟಿದೆ ಎಂದು ಘೋಷಿಸುತ್ತದೆ. ಆ ಮೊದಲ ಸಾಲನ್ನು ಓದಿದವರಿಗೆ ರೋಗ ತಿಳಿಯುತ್ತದೆ. ಎರಡನೆಯದನ್ನು ಮಾತ್ರ ಓದಿದವರು ನನ್ನಂತೆ ಸಂಜೆ ಕಳೆಯುತ್ತಾರೆ.

ಇನ್ನೂ ಸೋಜಿಗವೆಂದರೆ, 3.1ರಿಂದ ಈಚಿನ, 7.0ಕ್ಕಿಂತ ಹಿಂದಿನ ಪ್ಲಗಿನ್‌ಗಳು ಡಿಎಕ್ಸ್ ಇದೆಯೇ ಎಂದು ನೋಡುತ್ತವೆಯೇ ಹೊರತು ಸಾಮಾನ್ಯ ಬಿಲ್ಡ್‌ನಲ್ಲಿ ಅದನ್ನು ಬಳಸುವುದಿಲ್ಲ. ಡಿ8 ಅವುಗಳ ಒಳಗೇ ಅಡಕವಾಗಿದೆ. ಹಾಜರಿ ಪುಸ್ತಕದಿಂದ ಹೆಸರು ಹೊಡೆದಿಲ್ಲವೆಂಬ ಕಾರಣಕ್ಕೆ ನಿವೃತ್ತರಾದವರನ್ನು ದಿನವೂ ಕೂಗಿದಂತೆ.

ಪರಿಹಾರಕ್ಕೆ ಮೂರು ದಾರಿಗಳಿವೆ, ಮೂರೂ ಒಂದೇ ತೂಕದವಲ್ಲ. ಎಲ್ಲಕ್ಕಿಂತ ಸರಳವಾದದ್ದು, ಆಪ್ ಮಾಡ್ಯೂಲ್‌ನ ಬಿಲ್ಡ್.ಗ್ರೇಡಲ್ ಕಡತದಲ್ಲಿರುವ ಬಿಲ್ಡ್ ಟೂಲ್ಸ್ ವರ್ಷನ್ ಎಂಬ ಸಾಲನ್ನು ಅಳಿಸಿಬಿಡುವುದು. ಪ್ಲಗಿನ್ 3.0ರಿಂದ ಈಚೆಗೆ ಆ ಸಾಲು ಕಡ್ಡಾಯವಲ್ಲ. ಅದು ಇಲ್ಲದಿದ್ದರೆ ಪ್ಲಗಿನ್ ತನಗೆ ಒಗ್ಗುವ ಆವೃತ್ತಿಯನ್ನು ತಾನೇ ಆರಿಸಿಕೊಳ್ಳುತ್ತದೆ. 4.2ರ ಪ್ಲಗಿನ್ 30.0.2 ಅನ್ನು ಆರಿಸಿಕೊಳ್ಳುತ್ತದೆ, ಅದರಲ್ಲಿ ಡಿಎಕ್ಸ್ ಇದೆ. ಸಾಲನ್ನು ಉಳಿಸಿಕೊಳ್ಳಲೇಬೇಕೆಂದರೆ ಅದರಲ್ಲಿ 30.0.3 ಎಂದು ಬರೆಯಬಹುದು. ಕಂಪೈಲ್ ಎಸ್‌ಡಿಕೆ, ಅಂದರೆ ಕೋಡ್ ಕಂಪೈಲ್ ಮಾಡಲು ಬಳಸುವ ಎಪಿಐ, 31 ಆಗಿದ್ದರೆ ಬಿಲ್ಡ್ ಟೂಲ್ಸ್ ಕೂಡ 31 ಆಗಿರಲೇಬೇಕು ಎಂದು ಅನೇಕರು ನಂಬಿದ್ದಾರೆ. ಅಂಥ ನಿಯಮವಿಲ್ಲ, ಎಪಿಐ 31ಕ್ಕೆ ಬಿಲ್ಡ್ ಮಾಡುವ 7.0ರ ಪ್ಲಗಿನ್ನೇ ಸ್ವತಃ ಪೂರ್ವನಿಯೋಜಿತವಾಗಿ 30.0.2 ಅನ್ನು ಬಳಸುತ್ತದೆ.

ದೀರ್ಘಕಾಲಕ್ಕೆ ಸರಿಯಾದ ದಾರಿ ಪ್ಲಗಿನ್ನನ್ನು 7.0 ಅಥವಾ ಅದಕ್ಕಿಂತ ಮುಂದಿನ ಆವೃತ್ತಿಗೆ ಏರಿಸುವುದು. ಆದರೆ ಇದು ಒಂದು ಸಾಲಿನ ಬದಲಾವಣೆ ಎಂದು ಭಾವಿಸಿ ಸಂಜೆ ಐದು ಗಂಟೆಗೆ ಕೈಹಾಕಬಾರದು. 7.0ಕ್ಕೆ ಗ್ರೇಡಲ್ 7.0 ಬೇಕು, ಗ್ರೇಡಲ್ ಓಡಿಸಲು ಜೆಡಿಕೆ (ಜಾವಾ ಕಿಟ್) 11 ಬೇಕು. ಗ್ರೇಡಲ್ 7.0ರಲ್ಲಿ ಹಳೆಯ ಕಂಪೈಲ್ ಮತ್ತು ಟೆಸ್ಟ್ ಕಂಪೈಲ್ ಎಂಬ ಅವಲಂಬನೆ ಪದಗಳನ್ನು ತೆಗೆದುಹಾಕಿರುವುದರಿಂದ, ಇಂಪ್ಲಿಮೆಂಟೇಷನ್ ಎಂದು ಬದಲಾಯಿಸದೆ ಉಳಿದ ಪ್ರತಿಯೊಂದು ಸಾಲೂ ಒಂದೊಂದು ದೋಷವಾಗಿ ಏಳುತ್ತದೆ. ಹಳೆಯ ಮೇವನ್ ಪ್ಲಗಿನ್ ಬಳಸಿ ಲೈಬ್ರರಿ ಪ್ರಕಟಿಸುತ್ತಿದ್ದವರು ಮೇವನ್ ಪಬ್ಲಿಷ್‌ಗೆ ಹೊರಳಬೇಕು. ಇವೆಲ್ಲವೂ ಒಂದಲ್ಲ ಒಂದು ದಿನ ಮಾಡಬೇಕಾದ ಕೆಲಸಗಳೇ. ಬಿಡುಗಡೆಯ ಹಿಂದಿನ ದಿನ ಮಾಡಬೇಕಾದವಲ್ಲ.

ಮೂರನೆಯದು ಹೆಚ್ಚು ಜನಪ್ರಿಯವಾದ ಒಳದಾರಿ. 31.0.0ರ ಫೋಲ್ಡರಿನಲ್ಲಿರುವ ಡಿ8 ಅನ್ನು ಡಿಎಕ್ಸ್ ಎಂಬ ಹೆಸರಿನಲ್ಲಿಯೂ, ಲಿಬ್‌ನ ಡಿ8.ಜಾರ್ ಅನ್ನು ಡಿಎಕ್ಸ್.ಜಾರ್ ಎಂಬ ಹೆಸರಿನಲ್ಲಿಯೂ ನಕಲು ಮಾಡುವುದು. ವಿಂಡೋಸ್ ಆದರೆ ಡಿ8.ಬ್ಯಾಟ್ ಅನ್ನು ಡಿಎಕ್ಸ್.ಬ್ಯಾಟ್ ಎಂದು. ಹಾಜರಿ ಕೂಗಿದಾಗ ಯಾರೋ ಒಬ್ಬರು ಕೈ ಎತ್ತಿದರೆ ಸಾಕಾಗಿರುವುದರಿಂದ ಇದು ಕೆಲಸ ಮಾಡುತ್ತದೆ. ಹೆಸರು ಬದಲಾಯಿಸಬೇಡಿ, ನಕಲು ಮಾಡಿ. ಬದಲಾಯಿಸಿದರೆ ಡಿ8 ಅನ್ನು ಹುಡುಕುವ ಬೇರೆ ಸಲಕರಣೆಗಳು ನಾಳೆ ಇದೇ ಗೋಳು ತರುತ್ತವೆ. ಡಿಎಕ್ಸನ್ನು ನೇರವಾಗಿ ಕರೆಯುವ ಹಳೆಯ ಸ್ಕ್ರಿಪ್ಟ್‌ಗಳಿದ್ದರೆ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ಎರಡರ ಆಜ್ಞೆಗಳ ರೀತಿ ಬೇರೆ. ಇನ್ನು ಈ ತೇಪೆ ನಿಮ್ಮ ಯಂತ್ರಕ್ಕೆ ಮಾತ್ರ ಸೀಮಿತ. ಪ್ರಾಜೆಕ್ಟ್‌ನಲ್ಲಿ ಎಲ್ಲಿಯೂ ದಾಖಲಾಗದ ಈ ತಿದ್ದುಪಡಿ ಮುಂದಿನ ಅಪ್‌ಡೇಟ್‌ಗೆ ಅಳಿಸಿಹೋಗುತ್ತದೆ, ಬಿಲ್ಡ್ ಸರ್ವರ್‌ನಲ್ಲಿ ಇರುವುದೇ ಇಲ್ಲ. ತುರ್ತಿಗೆ ಮಾಡಿದ್ದೇನೆ, ಯಾರಿಗೂ ಶಿಫಾರಸು ಮಾಡುವುದಿಲ್ಲ.

ವೆಬ್ ಕೋಡ್‌ನಿಂದ ಆಪ್ ಕಟ್ಟುವ ಕಾರ್ಡೋವಾ ಬಳಸುವವರು ಒಂದು ವಿಷಯ ಗಮನಿಸಬೇಕು. ಅದರ ಆಂಡ್ರಾಯ್ಡ್ ಭಾಗದ ಹಳೆಯ ಆವೃತ್ತಿಗಳು ಯಂತ್ರದಲ್ಲಿ ಅಳವಡಿಸಿರುವ ಬಿಲ್ಡ್ ಟೂಲ್ಸ್‌ಗಳಲ್ಲಿ ಅತಿ ಹೊಸದನ್ನು ತಾವಾಗಿಯೇ ಆರಿಸಿಕೊಳ್ಳುತ್ತಿದ್ದವು. ಬಿಲ್ಡ್.ಗ್ರೇಡಲ್‌ನಲ್ಲಿ 31 ಎಂದು ಯಾರೂ ಬರೆಯದಿದ್ದರೂ ದೋಷ ಬರುವುದು ಹೀಗೆ. ಅಂಥಲ್ಲಿ 31.0.0 ಅನ್ನು ಎಸ್‌ಡಿಕೆಯಿಂದ ತೆಗೆದು 30.0.3 ಮಾತ್ರ ಉಳಿಸಿಕೊಂಡರೆ ಬಿಲ್ಡ್ ಮತ್ತೆ ನಡೆಯುತ್ತದೆ.

ಇಳಿಕೆ ನಿಜವಾಗಿಯೂ ಅರ್ಧಕ್ಕೆ ನಿಂತಾಗ

ಮೊದಲನೆಯ ಕಾರಣ ಕಡಿಮೆ ಎಂದೆನೇ ಹೊರತು ಇಲ್ಲವೆಂದಲ್ಲ. ನೂರಾರು ಎಂಬಿ ಗಾತ್ರದ ಎನ್‌ಡಿಕೆ (ಸಿ, ಸಿ++ ಕೋಡ್‌ಗಾಗಿನ ಕಿಟ್) ಇಳಿಯುತ್ತಿರುವಾಗ ಕರೆಂಟ್ ಹೋದರೆ, ಡಿಸ್ಕ್‌ನಲ್ಲಿ ಜಾಗ ಮುಗಿದರೆ, ಅಥವಾ ವಿಂಡೋಸ್‌ನಲ್ಲಿ ಹಿನ್ನೆಲೆಯಲ್ಲಿ ಓಡುವ ಗ್ರೇಡಲ್ ಡೀಮನ್ ಹಳೆಯ ಜಾರ್ ಕಡತವನ್ನು ಹಿಡಿದುಕೊಂಡೇ ಇರುವಾಗ ಅಪ್‌ಡೇಟ್ ಮಾಡಿದರೆ ಅರೆಬರೆ ಫೋಲ್ಡರ್ ಉಳಿಯುತ್ತದೆ. ಇದನ್ನು ಗುರುತಿಸುವುದು ಸುಲಭ. ಎಸ್‌ಡಿಕೆಯ ಬಿಲ್ಡ್ ಟೂಲ್ಸ್, ಎನ್‌ಡಿಕೆ, ಪ್ಲಾಟ್‌ಫಾರ್ಮ್ ಮುಂತಾದ ಪ್ರತಿ ಪ್ಯಾಕೇಜಿನ ಮೂಲದಲ್ಲಿ ಸೋರ್ಸ್.ಪ್ರಾಪರ್ಟೀಸ್ ಎಂಬ ಪುಟ್ಟ ಕಡತವಿದ್ದು ಅದರಲ್ಲಿ ಪ್ಯಾಕೇಜಿನ ಆವೃತ್ತಿ ಬರೆದಿರುತ್ತದೆ. ಎನ್‌ಡಿಕೆಯ ಆವೃತ್ತಿ ಫೋಲ್ಡರಿನಲ್ಲಿ ಸೋರ್ಸ್.ಪ್ರಾಪರ್ಟೀಸ್ ಇಲ್ಲ ಎಂಬ ದೋಷ ಬಂದರೆ, ಅಲ್ಲಿ ಪೂರ್ಣ ಎನ್‌ಡಿಕೆ ಇಲ್ಲ ಎಂದೇ ತಿಳಿಯಬಹುದು. ತೆರೆದು ನೋಡಿದರೆ ಬಹಳ ಸಲ ಒಂದೆರಡು ಖಾಲಿ ಉಪಫೋಲ್ಡರ್‌ಗಳಷ್ಟೇ ಇರುತ್ತವೆ.

ಇಲ್ಲಿ ಮಾತ್ರ ಅಳಿಸಿ ಮರುಅಳವಡಿಸುವುದೇ ಸರಿ. ಆಂಡ್ರಾಯ್ಡ್ ಸ್ಟುಡಿಯೋವನ್ನು ಮುಚ್ಚಿ, ಗ್ರೇಡಲ್‌ಗೆ ಸ್ಟಾಪ್ ಆಜ್ಞೆ ಕೊಟ್ಟು ಡೀಮನ್‌ಗಳನ್ನು ನಿಲ್ಲಿಸಿ, ಆ ಒಂದು ಆವೃತ್ತಿಯ ಫೋಲ್ಡರನ್ನು ಮಾತ್ರ ಕೈಯಾರೆ ಅಳಿಸಿ, ನಂತರ ಎಸ್‌ಡಿಕೆ ಮ್ಯಾನೇಜರ್‌ನಿಂದ ಅದೇ ಆವೃತ್ತಿಯನ್ನು ಹಾಕಿಕೊಳ್ಳಬೇಕು. ಇಡೀ ಎಸ್‌ಡಿಕೆಯನ್ನು ಅಳಿಸುವ ಅಗತ್ಯ ನನಗೆ ಇಷ್ಟು ವರ್ಷಗಳಲ್ಲಿ ಬಿದ್ದಿಲ್ಲ.

ಎನ್‌ಡಿಕೆ: ಹೆಚ್ಚು ಕೈಬಿಡುವಿಕೆ ಆಗುವ ಜಾಗ

ಸಿ ಮತ್ತು ಸಿ++ ಕೋಡ್ ಇರುವ ಪ್ರಾಜೆಕ್ಟ್‌ಗಳಲ್ಲಿ ಕಾಣೆಯಾದ ಲೈಬ್ರರಿಯ ದೋಷ ಬಂದರೆ, ಎನ್‌ಡಿಕೆಯ ಬಿಡುಗಡೆ ಸಂಖ್ಯೆಯನ್ನು ನೋಡಿದಾಗಲೇ ಅರ್ಧ ಉತ್ತರ ಸಿಗುತ್ತದೆ. 2018ರ ಆರ್18ರಲ್ಲಿ ಜಿಸಿಸಿ ಕಂಪೈಲರ್ ಜೊತೆಗೆ ಗ್ನುಎಸ್‌ಟಿಎಲ್ ಹಾಗೂ ಎಸ್‌ಟಿಎಲ್‌ಪೋರ್ಟ್ ಎಂಬ ಸಿ++ ಲೈಬ್ರರಿಗಳು ಹೋದವು. ಅಪ್ಲಿಕೇಷನ್.ಎಂಕೆ ಕಡತದಲ್ಲಿ ಎಪಿಪಿ ಎಸ್‌ಟಿಎಲ್ ಎಂಬಲ್ಲಿ ಗ್ನುಎಸ್‌ಟಿಎಲ್ ಎಂದಿದ್ದರೆ ಅದನ್ನು ಸಿ++ ಶೇರ್ಡ್ ಅಥವಾ ಸಿ++ ಸ್ಟ್ಯಾಟಿಕ್ ಎಂದು ಬದಲಾಯಿಸಬೇಕು. ಇಲ್ಲಿ ಅವಸರ ಸಲ್ಲದು: ಆಪ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಿ++ ಲೈಬ್ರರಿಗಳಿದ್ದರೆ ಶೇರ್ಡ್ ಅನ್ನೇ ಆರಿಸಿಕೊಳ್ಳಬೇಕು. ಹಾಗೆಯೇ ಬೇರೆಯವರು ಗ್ನುಎಸ್‌ಟಿಎಲ್‌ನೊಂದಿಗೆ ಕಟ್ಟಿಕೊಟ್ಟ ಸಿದ್ಧ ಲೈಬ್ರರಿಯೊಂದು ಜೊತೆಯಲ್ಲಿದ್ದರೆ, ಅದರ ಹೊಸ ಪ್ರತಿಯನ್ನು ಅವರಿಂದಲೇ ಪಡೆಯದೆ ಗತಿಯಿಲ್ಲ.

ಮಿಪ್ಸ್ ಚಿಪ್‌ಗಳ ಬೆಂಬಲವನ್ನು ಎನ್‌ಡಿಕೆ ಕೈಬಿಟ್ಟಾಗ ಆದದ್ದು ಡಿಎಕ್ಸ್ ಪ್ರಕರಣದ ತದ್ರೂಪು. ಮಿಪ್ಸ್ ಹೆಸರಿನ ಟೂಲ್‌ಚೈನ್ (ಕಂಪೈಲರ್ ಮತ್ತು ಜೊತೆಗಿನ ಸಲಕರಣೆಗಳು) ಸಿಗಲಿಲ್ಲ ಎಂಬ ದೋಷವನ್ನು ಕಂಡು, ತಮ್ಮ ಆಪ್‌ಗೆ ಮಿಪ್ಸ್ ಎಂದರೇನೆಂದೇ ಗೊತ್ತಿಲ್ಲದವರೂ ಕಂಗಾಲಾದರು. ಅವರ ಆಪ್ ಅದನ್ನು ಕೇಳಿರಲಿಲ್ಲ. ಹಳೆಯ ಗ್ರೇಡಲ್ ಪ್ಲಗಿನ್ ತನ್ನ ಪಟ್ಟಿಯಲ್ಲಿದ್ದ ಹೆಸರನ್ನು ಕೂಗಿತ್ತು. ಪ್ಲಗಿನ್ ಏರಿಸಿದಾಗ ಅದು ಮಾಯವಾಯಿತು. ಆರ್22ರಲ್ಲಿ ಮೂಲದಲ್ಲಿದ್ದ ಪ್ಲಾಟ್‌ಫಾರ್ಮ್ಸ್ ಮತ್ತು ಸಿಸ್‌ರೂಟ್ ಫೋಲ್ಡರ್‌ಗಳನ್ನು ತೆಗೆದಾಗಲೂ ಹೀಗೆಯೇ. ಆ ಲೈಬ್ರರಿಗಳು ನಾಶವಾಗಿಲ್ಲ, ಟೂಲ್‌ಚೈನ್ಸ್ ಫೋಲ್ಡರಿನ ಎಲ್‌ಎಲ್‌ವಿಎಂ ಭಾಗದ ಒಳಗಿರುವ ಸಿಸ್‌ರೂಟ್‌ಗೆ ಮನೆ ಬದಲಾಯಿಸಿವೆ. ಪ್ಲಾಟ್‌ಫಾರ್ಮ್ಸ್ ಫೋಲ್ಡರ್ ಇಲ್ಲ ಎಂಬ ದೂರು ಬಂದರೆ ಖಾಲಿ ಫೋಲ್ಡರ್ ಸೃಷ್ಟಿಸಿ ಸಮಾಧಾನಪಡಿಸುವ ಬದಲು, ಪ್ಲಗಿನ್ ಏರಿಸಬೇಕು ಅಥವಾ ಆರ್21ಕ್ಕೆ ಮರಳಬೇಕು.

ಆರ್23ರದು ಸ್ವಲ್ಪ ಸೂಕ್ಷ್ಮ. ಅದರಲ್ಲಿ ಜಿಸಿಸಿಯ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿಯನ್ನು ತೆಗೆದು ಆ ಕೆಲಸವನ್ನು ಎಲ್‌ಎಲ್‌ವಿಎಂನ ಲಿಬ್‌ಅನ್‌ವೈಂಡ್ ಮತ್ತು ಕಂಪೈಲರ್‌ನದೇ ಬಿಲ್ಟ್‌ಇನ್ ಲೈಬ್ರರಿಗೆ ಒಪ್ಪಿಸಲಾಯಿತು. ಸಿ ಮತ್ತು ಸಿ++ ಬರೆಯುವವರಿಗೆ ಇದು ಹೆಚ್ಚಾಗಿ ತಿಳಿಯಲೇ ಇಲ್ಲ, ಏಕೆಂದರೆ ಅದೇ ಎನ್‌ಡಿಕೆಯ ಕಂಪೈಲರ್ ಆದ ಕ್ಲಾಂಗ್‌ಗೆ ಹೊಸ ವ್ಯವಸ್ಥೆ ಗೊತ್ತು. ಪೆಟ್ಟು ಬಿದ್ದದ್ದು ರಸ್ಟ್ ಭಾಷೆಯಲ್ಲಿ ಆಂಡ್ರಾಯ್ಡ್ ಲೈಬ್ರರಿ ಕಟ್ಟುವವರಿಗೆ. ರಸ್ಟ್‌ನ ಆಗಿನ ಆವೃತ್ತಿಗಳು ಭಾಗಗಳನ್ನು ಜೋಡಿಸುವ ಲಿಂಕರ್‌ಗೆ ಜಿಸಿಸಿ ಲೈಬ್ರರಿಯನ್ನು ಸೇರಿಸು ಎಂದೇ ಹೇಳುತ್ತಿದ್ದವು, ಲಿಂಕರ್ ಅದು ಸಿಗಲಿಲ್ಲ ಎಂದು ಕೈಚೆಲ್ಲುತ್ತಿತ್ತು. ಆಗ ಚಾಲ್ತಿಗೆ ಬಂದ ಉಪಾಯ ನನಗೆ ಇಂದಿಗೂ ಮೆಚ್ಚುಗೆ: ಲಿಬ್‌ಅನ್‌ವೈಂಡ್.ಎ ಇರುವ ಫೋಲ್ಡರಿನಲ್ಲಿಯೇ ಲಿಬ್‌ಜಿಸಿಸಿ.ಎ ಎಂಬ ಹೆಸರಿನ ಒಂದು ಸಾದಾ ಪಠ್ಯ ಕಡತವನ್ನು ಸೃಷ್ಟಿಸಿ, ಅದರೊಳಗೆ ಅನ್‌ವೈಂಡ್ ಲೈಬ್ರರಿಯನ್ನು ತೆಗೆದುಕೋ ಎಂಬ ಅರ್ಥದ ಒಂದೇ ಒಂದು ಇನ್‌ಪುಟ್ ಸಾಲು ಬರೆಯುವುದು. ಲಿಂಕರ್ ಇಂಥ ಪಠ್ಯ ಕಡತವನ್ನು ಲಿಂಕರ್ ಸ್ಕ್ರಿಪ್ಟ್ ಎಂದು ಓದಬಲ್ಲದು. ಡಿಎಕ್ಸ್ ತೇಪೆಯಂತೆ ಇದು ಹೆಸರಿನ ವೇಷವಲ್ಲ. ಕೇಳಿದ ಕೆಲಸ ಈಗ ಯಾರ ಬಳಿ ಇದೆಯೋ ಅವರಲ್ಲಿಗೇ ಕಳುಹಿಸಿಕೊಡುತ್ತದೆ. ಆದರೂ ಇದು ಯಂತ್ರಕ್ಕೆ ಸೀಮಿತವೇ. 2023ರ ರಸ್ಟ್ 1.68 ಎನ್‌ಡಿಕೆ ಆರ್25ಕ್ಕೆ ಹೊಂದಿಕೊಂಡಿರುವುದರಿಂದ ಈಗ ರಸ್ಟ್ ಏರಿಸುವುದೇ ಸರಿಯಾದ ದಾರಿ.

ಯಾವ ಎನ್‌ಡಿಕೆ ಬೇಕೆಂಬುದನ್ನು ಬಿಲ್ಡ್.ಗ್ರೇಡಲ್‌ನ ಎನ್‌ಡಿಕೆ ವರ್ಷನ್ ಸಾಲಿನಲ್ಲಿ ಪೂರ್ಣ ಸಂಖ್ಯೆಯೊಂದಿಗೆ ಬರೆದಿಡಿ. ಎಸ್‌ಡಿಕೆಯೊಳಗೆ ಹಲವು ಎನ್‌ಡಿಕೆಗಳು ಅಕ್ಕಪಕ್ಕ ಇರಬಲ್ಲವು. ಹೊಸದು ಬಂದಾಗ ಹಳೆಯದನ್ನು ತೆಗೆಯಬೇಕಾಗಿಲ್ಲ. ಎನ್‌ಡಿಕೆ ಬಂಡಲ್ ಎಂಬ ಹಳೆಯ ಒಂಟಿ ಫೋಲ್ಡರನ್ನೇ ನೆಚ್ಚಿಕೊಂಡ ಪ್ರಾಜೆಕ್ಟ್‌ಗಳಲ್ಲಿ ಮಾತ್ರ ಪ್ರತಿ ಅಪ್‌ಡೇಟ್ ಹಿಂದಿನದನ್ನು ನುಂಗಿಹಾಕುತ್ತದೆ.

ಬಿಲ್ಡ್ ಆಗಿ, ಫೋನ್‌ನಲ್ಲಿ ಬೀಳುವ ಬಗೆ

ಕೆಲವು ಲೈಬ್ರರಿಗಳ ಗೈರುಹಾಜರಿ ಬಿಲ್ಡ್ ಸಮಯದಲ್ಲಿ ತಿಳಿಯುವುದೇ ಇಲ್ಲ. ವೆಬ್ ಸಂಪರ್ಕಕ್ಕೆ ಬಳಸುತ್ತಿದ್ದ ಅಪಾಚೆ ಎಚ್‌ಟಿಟಿಪಿ ಕ್ಲೈಂಟ್ ಇದಕ್ಕೆ ಒಳ್ಳೆಯ ನಿದರ್ಶನ. ಆಂಡ್ರಾಯ್ಡ್ 6.0ರ, ಅಂದರೆ ಎಪಿಐ 23ರ, ಕಿಟ್‌ನಲ್ಲಿ ಅದನ್ನು ಮುಖ್ಯ ಆಂಡ್ರಾಯ್ಡ್.ಜಾರ್‌ನಿಂದ ತೆಗೆದು ಪ್ಲಾಟ್‌ಫಾರ್ಮ್ ಫೋಲ್ಡರಿನ ಆಪ್ಷನಲ್ ಎಂಬ ಉಪಫೋಲ್ಡರಿನಲ್ಲಿ ಪ್ರತ್ಯೇಕ ಜಾರ್ ಆಗಿ ಇಟ್ಟರು. ಕಂಪೈಲ್ ಎಸ್‌ಡಿಕೆ ಏರಿಸಿದ ಕೂಡಲೇ ಎಚ್‌ಟಿಟಿಪಿ ಕ್ಲೈಂಟ್ ಎಂಬ ಹೆಸರೇ ಗೊತ್ತಿಲ್ಲವೆಂದು ಕಂಪೈಲರ್ ಹೇಳಿತು, ಬಿಲ್ಡ್.ಗ್ರೇಡಲ್‌ನಲ್ಲಿ ಯೂಸ್ ಲೈಬ್ರರಿ ಎಂಬ ಸಾಲು ಸೇರಿಸಿದವರು ಆ ಮಟ್ಟಿಗೆ ಪಾರಾದರು. ಮುಂದೆ ಟಾರ್ಗೆಟ್ ಎಸ್‌ಡಿಕೆ 28ಕ್ಕೆ ಏರಿಸಿದಾಗ ಅದೇ ಆಪ್ ಆಂಡ್ರಾಯ್ಡ್ 9ರ ಫೋನ್‌ಗಳಲ್ಲಿ ತೆರೆದ ಕ್ಷಣ ಕುಸಿಯತೊಡಗಿತು. ಕಾರಣ, ಅಷ್ಟರಲ್ಲಿ ಆ ಲೈಬ್ರರಿ ಫೋನ್‌ನ ಪೂರ್ವನಿಯೋಜಿತ ಕ್ಲಾಸ್‌ಪಾತ್‌ನಿಂದಲೂ ಹೊರಬಿದ್ದಿತ್ತು. ಬೇಕೆಂದವರು ಆಪ್‌ನ ವಿವರ ಕಡತವಾದ ಮ್ಯಾನಿಫೆಸ್ಟ್‌ನ ಅಪ್ಲಿಕೇಷನ್ ಭಾಗದಲ್ಲಿ ಯೂಸಸ್ ಲೈಬ್ರರಿ ಎಂಬ ಅಂಶದ ಮೂಲಕ ಕೇಳಿ ಪಡೆಯಬೇಕು, ಮತ್ತು ಹಳೆಯ ಫೋನ್‌ಗಳಲ್ಲಿಯೂ ಆಪ್ ಅಳವಡಿಕೆಯಾಗುವಂತೆ ಅದರ ರಿಕ್ವೈರ್ಡ್ ಗುಣವನ್ನು ಫಾಲ್ಸ್ ಎಂದು ಕೊಡಬೇಕು.

ಸಿ++ ಭಾಗದಲ್ಲಿ ಇದರ ಸಮಾನ ದೋಷ, ಲಿಬ್‌ಸಿ++ ಶೇರ್ಡ್.ಎಸ್‌ಒ ಸಿಗಲಿಲ್ಲ ಎಂದು ಆಪ್ ತೆರೆಯುವಾಗ ಬೀಳುವುದು. ಬಿಲ್ಡ್ ಆದ ಎಪಿಕೆಯನ್ನು (ಫೋನ್‌ಗೆ ಹಾಕುವ ಆಪ್ ಕಡತವನ್ನು) ಆಂಡ್ರಾಯ್ಡ್ ಸ್ಟುಡಿಯೋದ ಬಿಲ್ಡ್ ಮೆನುವಿನಲ್ಲಿರುವ ಎಪಿಕೆ ಅನಲೈಜರ್‌ನಲ್ಲಿ ತೆರೆದು, ಲಿಬ್ ಫೋಲ್ಡರಿನ 64 ಬಿಟ್ ಆರ್ಮ್ ಮತ್ತು 32 ಬಿಟ್ ಆರ್ಮ್ ಉಪಫೋಲ್ಡರ್‌ಗಳೆರಡರಲ್ಲಿಯೂ ಒಂದೇ ಹೆಸರಿನ ಎಸ್‌ಒ ಕಡತಗಳಿವೆಯೇ ಎಂದು ನೋಡಿ. ಒಂದರಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು ಇದ್ದರೆ ಕುಸಿತದ ಕಾರಣ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಎಸ್‌ಡಿಕೆಯಲ್ಲಿ ಇಲ್ಲದ್ದನ್ನು ಎಸ್‌ಡಿಕೆಯಲ್ಲಿ ಹುಡುಕುವುದು

ಹೊಸ ಸೌಲಭ್ಯಗಳನ್ನು ಹಳೆಯ ಫೋನ್‌ಗಳಿಗೂ ತರುವ ಸಪೋರ್ಟ್ ಲೈಬ್ರರಿಗಳು ಒಂದು ಕಾಲಕ್ಕೆ ಎಸ್‌ಡಿಕೆಯ ಎಕ್ಸ್‌ಟ್ರಾಸ್ ಫೋಲ್ಡರಿನಲ್ಲಿ ಇಳಿಯುತ್ತಿದ್ದವು. 2017ರಿಂದ ಅವು ಗೂಗಲ್‌ನ ಮೇವನ್ ಭಂಡಾರದಿಂದ ಬರುತ್ತವೆ. ಹಳೆಯ ಪ್ರಾಜೆಕ್ಟ್‌ನಲ್ಲಿ ಇವುಗಳಲ್ಲೊಂದಾದ ಆಪ್‌ಕಾಂಪ್ಯಾಟ್ ಸಿಗಲಿಲ್ಲ ಎಂದಾದರೆ ಎಸ್‌ಡಿಕೆ ಮ್ಯಾನೇಜರ್‌ನಲ್ಲಿ ತಡಕಾಡಿ ಫಲವಿಲ್ಲ. ರೆಪೊಸಿಟರೀಸ್ ಭಾಗದಲ್ಲಿ ಗೂಗಲ್ ಎಂಬ ಸಾಲು ಇದೆಯೇ ನೋಡಬೇಕು. ಜೆಸೆಂಟರ್ ಸಾಲು ಇದ್ದರೆ ಅದನ್ನು ಮೇವನ್ ಸೆಂಟ್ರಲ್‌ಗೆ ಬದಲಾಯಿಸಬೇಕು. ಜೆಸೆಂಟರ್ ಭಂಡಾರವನ್ನು ನಿಲ್ಲಿಸುವುದಾಗಿ ಅದನ್ನು ನಡೆಸುತ್ತಿದ್ದ ಜೆಫ್ರಾಗ್ 2021ರ ಫೆಬ್ರವರಿಯಲ್ಲಿ ತಿಳಿಸಿತ್ತು, 2024ರ ಆಗಸ್ಟ್‌ನಿಂದ ಅದರ ಕೋರಿಕೆಗಳು ಮೇವನ್ ಸೆಂಟ್ರಲ್ ಕಡೆಗೇ ತಿರುಗುತ್ತವೆ. ಜೆಸೆಂಟರ್‌ನಲ್ಲಿ ಮಾತ್ರ ಇದ್ದ ಲೈಬ್ರರಿಗಳು ಅಲ್ಲಿಯೂ ಸಿಗುವುದಿಲ್ಲ. ಹಳೆಯ ಯಂತ್ರದಲ್ಲಿ ಬಿಲ್ಡ್ ಆಗಿ ಹೊಸ ಯಂತ್ರದಲ್ಲಿ ಆಗದಿರುವುದಕ್ಕೆ ಇದೇ ಸಾಮಾನ್ಯ ವಿವರಣೆ: ಹಳೆಯದರ ಗ್ರೇಡಲ್ ಕ್ಯಾಶ್‌ನಲ್ಲಿ ಆ ಲೈಬ್ರರಿಯ ಪ್ರತಿ ಇನ್ನೂ ಉಳಿದಿರುತ್ತದೆ. ಅದು ಸಿಗುವವರೆಗೆ ಆ ಯಂತ್ರದ ಕ್ಯಾಶ್ ಅಳಿಸಬೇಡಿ. ಎಷ್ಟೋ ವೇಳೆ ಲೋಕದಲ್ಲಿ ನಿಮ್ಮ ಕೈಗೆ ಎಟುಕುವ ಕೊನೆಯ ಪ್ರತಿ ಅದೇ ಆಗಿರುತ್ತದೆ.

ಎಸ್‌ಡಿಕೆ ಮ್ಯಾನೇಜರ್ ಆಜ್ಞೆಯೇ ಜಾವಾಎಕ್ಸ್ ಎಕ್ಸ್‌ಎಂಎಲ್ ಬೈಂಡ್ ಎಂಬ ಕ್ಲಾಸ್ ಸಿಗಲಿಲ್ಲವೆಂದು ಬಿದ್ದರೆ ಅದು ಜಾವಾ ಏರಿಸಿದ್ದರ ಫಲ. ಜಾವಾ 11ರಲ್ಲಿ ಆ ಭಾಗವನ್ನು ತೆಗೆಯಲಾಗಿದೆ. ಟೂಲ್ಸ್ ಫೋಲ್ಡರಿನ ಹಳೆಯ ಆಜ್ಞೆಯನ್ನು ಬಿಟ್ಟು ಕಮ್ಯಾಂಡ್‌ಲೈನ್ ಟೂಲ್ಸ್ ಪ್ಯಾಕೇಜಿನ ಲೇಟೆಸ್ಟ್ ಫೋಲ್ಡರಿನಲ್ಲಿರುವುದನ್ನು ಬಳಸಿದರೆ ಸರಿಹೋಗುತ್ತದೆ. ಜಿಪ್ ಬಿಚ್ಚಿದಾಗ ಲೇಟೆಸ್ಟ್ ಎಂಬ ಒಳಫೋಲ್ಡರ್ ತಾನಾಗಿ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು; ಇಲ್ಲದಿದ್ದರೆ ಎಸ್‌ಡಿಕೆಯ ಮೂಲ ಎಲ್ಲಿದೆಯೆಂದು ತಿಳಿಯಲಿಲ್ಲ ಎಂಬ ಹೊಸ ದೂರು ಬರುತ್ತದೆ.

ಸರಿಹೋಯಿತೆಂದು ಖಚಿತಪಡಿಸಿಕೊಳ್ಳುವುದು

ದೋಷ ಬಂದ ಯಂತ್ರದಲ್ಲಿಯೇ ಬಿಲ್ಡ್ ಆದದ್ದು ಪುರಾವೆಯಾಗುವುದಿಲ್ಲ, ಏಕೆಂದರೆ ತನಿಖೆಯ ಹೊತ್ತಿನಲ್ಲಿ ಅಲ್ಲಿ ಏನೇನನ್ನೋ ನಕಲು ಮಾಡಿರುತ್ತೇವೆ. ಡೀಮನ್‌ಗಳನ್ನು ನಿಲ್ಲಿಸಿ, ಕ್ಲೀನ್ ಮಾಡಿ, ಮೊದಲಿನಿಂದ ಬಿಲ್ಡ್ ಮಾಡಿ. ನಂತರ ಎಸ್‌ಡಿಕೆಯಲ್ಲಿ ಕೈಯಾಡಿಸದ ಇನ್ನೊಂದು ಯಂತ್ರದಲ್ಲಿ ಗಿಟ್‌ನಿಂದ ಹೊಸದಾಗಿ ಪ್ರತಿ ತೆಗೆದು ಅದನ್ನೇ ಮಾಡಿ. ಬಿಲ್ಡ್ ಸರ್ವರ್‌ನ ಸ್ಕ್ರಿಪ್ಟ್‌ನಲ್ಲಿ ಪ್ಯಾಕೇಜ್‌ಗಳನ್ನು ಪೂರ್ಣ ಆವೃತ್ತಿಯೊಂದಿಗೆ ಬರೆಯುವಾಗ, ಬಿಲ್ಡ್ ಟೂಲ್ಸ್ ಎಂಬ ಹೆಸರು ಮತ್ತು 30.0.3 ಎಂಬ ಸಂಖ್ಯೆಯ ನಡುವೆ ಬರುವ ಅರ್ಧವಿರಾಮ ಚಿಹ್ನೆಯ ಕಾರಣದಿಂದ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಲೇಬೇಕು. ಹಾಕದಿದ್ದರೆ ಲಿನಕ್ಸ್ ಶೆಲ್ ಅದನ್ನು ಎರಡು ಆಜ್ಞೆಗಳೆಂದು ಓದಿ, 30.0.3 ಎಂಬ ಆಜ್ಞೆ ಸಿಗಲಿಲ್ಲ ಎನ್ನುತ್ತದೆ, ಪ್ಯಾಕೇಜ್ ಇಳಿಯುವುದೇ ಇಲ್ಲ. ಎರಡನೆಯ ಯಂತ್ರದಲ್ಲಿ ಬಿಲ್ಡ್ ಆಗಿ, ಆ ಎಪಿಕೆ ಒಂದು ಹಳೆಯ ಮತ್ತು ಒಂದು ಹೊಸ ಫೋನ್‌ನಲ್ಲಿ ತೆರೆದುಕೊಂಡ ಮೇಲೆ, ಎಸ್‌ಡಿಕೆಯ ಹೊರಗೆ ಕಾಪಿಟ್ಟುಕೊಂಡಿದ್ದ ಹಳೆಯ ಫೋಲ್ಡರನ್ನು ಅಳಿಸಬಹುದು.